ಹಲ್ಲು ಸೆಟ್ಟು, ಸೆಟ್ ದೋಸೆ, ಸೆಟ್ಟೇರಿದ ಸಿನಿಮಾ: ಒಂದೇ ಪದವಾ, ಎರಡಾ?

ಮೊನ್ನೆ ಭಾನುವಾರ ಬೆಳಗ್ಗೆ ಬಸವನಗುಡಿಯ ಒಂದು ದರ್ಶಿನಿಯಲ್ಲಿ ಬಿಲ್ ಮಾಡಿಸಲು ನಿಂತಿದ್ದೆ. ನನ್ನ ಮುಂದೆ ಇದ್ದವರು ಫೋನಿನಲ್ಲಿ ಮನೆಯವರಿಗೆ ಹೇಳುತ್ತಿದ್ದರು: "ವಡೆ ಬೇಡ ಕಣೇ. ಅಪ್ಪನ ಹಲ್ಲು ಸೆಟ್ಟು ಇನ್ನೂ ಸೆಟ್ ಆಗಿಲ್ಲ, ಕಡಿಯಕ್ಕಾಗಲ್ಲ. ಒಂದು ಸೆಟ್ಟು ಪಾರ್ಸಲ್ ತರ್ತೀನಿ, ಸಾಗು ಜಾಸ್ತಿ ಹಾಕಿಸ್ಕೊಂಡು."

ಒಂದೇ ಉಸಿರಿನಲ್ಲಿ ಮೂರು ಸೆಟ್ಟು. ಮೊದಲನೆಯದು ಬಾಯಿಗೆ ಹಾಕಿಕೊಳ್ಳುವ ಹಲ್ಲು. ಎರಡನೆಯದು ಒಗ್ಗಿಲ್ಲ ಅನ್ನೋ ದೂರು. ಮೂರನೆಯದು ತಿಂಡಿ. ಫೋನಿನ ಆ ಕಡೆ ಇದ್ದವರು "ಯಾವ ಸೆಟ್ಟು?" ಅಂತ ಕೇಳಿದ ಹಾಗೆ ಕಾಣಲಿಲ್ಲ. ಕ್ಯಾಷಿಯರ್ ಕೂಡ ತಲೆ ಎತ್ತದೆ ಟೋಕನ್ ಹರಿದು ಕೊಟ್ಟರು. ತಲೆ ಕೆಡಿಸಿಕೊಂಡವನು ನಾನೊಬ್ಬನೇ.

ಸೆಟ್ ಅನ್ನೋದು ಇಂಗ್ಲಿಷಿನಲ್ಲೇ ಹೆಸರುವಾಸಿ ತಲೆನೋವು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಈ ಮೂರಕ್ಷರದ ಪದಕ್ಕೆ 430 ಅರ್ಥಗಳನ್ನು ಕೊಟ್ಟಿದ್ದಾರೆ. ವಿವರಣೆಯೇ ಸುಮಾರು 60,000 ಪದಗಳಷ್ಟಾಯಿತು. ಒಂದು ಸಣ್ಣ ಕಾದಂಬರಿಯಷ್ಟು ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಎಂಬ ಪಟ್ಟ ಬಹಳ ಕಾಲ ಸೆಟ್‌ನದೇ ಆಗಿತ್ತು. ಈಗ ಪರಿಷ್ಕರಣೆ ನಡೆಯುತ್ತಿರುವ ಮೂರನೇ ಆವೃತ್ತಿಯಲ್ಲಿ 'ರನ್' ಅದನ್ನು ಹಿಂದೆ ಹಾಕಿದೆ. ಆ ಕ್ರಿಯಾಪದಕ್ಕೆ 645 ಅರ್ಥ.

430 ಅರ್ಥ ಕಲಿಯುವುದು ಯಾರಿಂದಲೂ ಆಗದ ಕೆಲಸ. ಬೇಕಾಗಿಯೂ ಇಲ್ಲ. ಯಾಕೆಂದರೆ ಸೆಟ್ ಒಂದು ಪದ ಅಲ್ಲವೇ ಅಲ್ಲ. ಎರಡು ಬೇರೆ ಬೇರೆ ಮನೆತನದ ಪದಗಳು ಒಂದೇ ವೇಷ ಹಾಕಿಕೊಂಡು ನಿಂತಿವೆ. ಇವೆರಡನ್ನು ಬಿಡಿಸಿಕೊಂಡರೆ ಮುಕ್ಕಾಲು ಗೋಜಲು ಅಲ್ಲೇ ಮುಗಿಯಿತು. ಕನ್ನಡದವರಿಗೆ ಈ ಬಿಡಿಸುವ ಕೆಲಸ ಇಂಗ್ಲಿಷಿನವರಿಗಿಂತ ಸುಲಭ ಅಂತ ನನ್ನ ವಾದ.

ಮೊದಲನೆಯದು ಅಪ್ಪಟ ಹಳೆಯ ಇಂಗ್ಲಿಷ್ ಕ್ರಿಯಾಪದ. ಆಗ ಅದರ ರೂಪ 'ಸೆಟ್ಟನ್'. ಅದು 'ಸಿಟ್' ಎಂಬುದರ ಪ್ರೇರಣಾರ್ಥಕ ರೂಪ. ಅಂದರೆ ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ಅಷ್ಟೇ. ನಮ್ಮಲ್ಲಿ ಬಾಲಕ್ಕೆ 'ಇಸು' ಹಚ್ಚಿದರೆ ಕೆಲಸ ಆಯಿತು: ಕೂರು-ಕೂರಿಸು, ಮಲಗು-ಮಲಗಿಸು, ಬೀಳು-ಬೀಳಿಸು. ಹಳೆಯ ಇಂಗ್ಲಿಷಿನವರು ಒಳಗಿನ ಸ್ವರವನ್ನೇ ಬದಲಿಸುತ್ತಿದ್ದರು: ಸಿಟ್-ಸೆಟ್, ಲೈ-ಲೇ, ಫಾಲ್-ಫೆಲ್. ಈಗ ಆ ನಿಯಮ ಸತ್ತುಹೋಗಿದೆ, ಜೋಡಿಗಳು ಮಾತ್ರ ಉಳಿದಿವೆ. ಇಂಗ್ಲಿಷ್ ಮಾತಾಡುವವರಲ್ಲಿ ಬಹಳ ಜನಕ್ಕೆ ಸೆಟ್ ಒಳಗೆ ಸಿಟ್ ಕೂತಿದೆ ಅನ್ನೋದೇ ಹೊಳೆಯುವುದಿಲ್ಲ.

ನಮಗೆ ಹೊಳೆಯುತ್ತದೆ. ಯಾಕೆಂದರೆ ಕನ್ನಡದ 'ಕೂರಿಸು' ಕೂಡ ಇದೇ ದಾರಿಯಲ್ಲೇ ನಡೆದಿದೆ. ಚೌತಿ ಹತ್ತಿರ ಬಂದಾಗ ಬೀದಿ ಹುಡುಗರು ಚಂದಾ ಪುಸ್ತಕ ಹಿಡಿದು ಗೇಟಿಗೆ ಬರುತ್ತಾರಲ್ಲ, ಏನು ಹೇಳುತ್ತಾರೆ? "ಅಣ್ಣಾ, ಗಣಪತಿ ಕೂರಿಸ್ತಿದೀವಿ." ಪ್ರತಿಷ್ಠಾಪನೆ ಅನ್ನೋದು ಪೆಂಡಾಲಿನ ಬ್ಯಾನರಿನಲ್ಲಿ ಮಾತ್ರ. ಪಾಟರಿ ಟೌನಿನಿಂದಲೋ ಆರ್.ವಿ. ರಸ್ತೆಯಿಂದಲೋ ಆಟೋದಲ್ಲಿ ಗಣಪನನ್ನು ತಂದು ಜಾಗ ನೋಡಿ ಕೂರಿಸುತ್ತಾರೆ. ಇನ್ನು ವಿಸರ್ಜನೆವರೆಗೂ ಆತ ಅಲ್ಲಿಂದ ಕದಲುವ ಹಾಗಿಲ್ಲ. ಸೆಟ್ ಎಂಬ ಕ್ರಿಯಾಪದದ ತಿರುಳು ಇದೇ: ಒಂದು ವಸ್ತುವನ್ನು ಅದರ ಜಾಗದಲ್ಲಿ ಕದಲದ ಹಾಗೆ ಇಡುವುದು.

ನಗರ್ತಪೇಟೆ ಕಡೆಯ ಅಕ್ಕಸಾಲಿ ಅಂಗಡಿಗೆ ಹೋಗಿ. ಉಂಗುರಕ್ಕೆ ಹರಳು 'ಕೂರಿಸಿ' ಕೊಡುತ್ತಾರೆ. ಇಂಗ್ಲಿಷಿನಲ್ಲೂ ಹರಳನ್ನು ಸೆಟ್ ಮಾಡುತ್ತಾರೆ. ಒಂದೇ ಕಲ್ಪನೆ. ಒಬ್ಬರಿಂದ ಒಬ್ಬರು ಸಾಲ ತಂದಿದ್ದಲ್ಲ. ಕುಕ್ಕರ್ ಮುಚ್ಚಳ ಸರಿಯಾಗಿ ಕೂತಿಲ್ಲ, ರವಿಕೆ ಭುಜದ ಹತ್ತಿರ ಕೂತಿಲ್ಲ, ಪಾಠ ತಲೆಯಲ್ಲಿ ಕೂರ್ತಿಲ್ಲ, ತಾಳ ಕೂತಿಲ್ಲ. ಇದೆಲ್ಲ ನಾವು ದಿನಾ ಆಡುವ ಮಾತು. ಧಾರವಾಡ ಕಡೆ 'ಕೂಡ್ರಸು' ಅಂತಾರೆ, ರೂಪ ಬೇರೆ, ಭಾವ ಅದೇ. ಹಾಗಾಗಿ "ಅಪ್ಪನ ಹಲ್ಲು ಇನ್ನೂ ಸೆಟ್ ಆಗಿಲ್ಲ" ಅಂದಾಗ ಆ ಮನುಷ್ಯ ಮನಸ್ಸಿನಲ್ಲಿ ಅಂದುಕೊಂಡಿದ್ದು ಕನ್ನಡವೇ: ಹಲ್ಲು ಇನ್ನೂ ಕೂತಿಲ್ಲ. ಪದ ಮಾತ್ರ ಸಾಲದ್ದು.

ಎರಡನೇ ಸೆಟ್‌ನ ಕತೆ ಬೇರೆ. ಇದು ನಾಮಪದ. ಗುಂಪು, ಜೊತೆ, ಕಟ್ಟು ಅನ್ನೋ ಅರ್ಥದ್ದು. ಮೂಲ ಲ್ಯಾಟಿನ್ನಿನ 'ಸೆಕ್ಟಾ'. ಹಿಂಬಾಲಿಸುವವರ ಗುಂಪು ಎಂದು ಅರ್ಥ. ಪಂಥ ಎನ್ನಲು ಇಂಗ್ಲಿಷಿನಲ್ಲಿ 'ಸೆಕ್ಟ್' ಅಂತಾರಲ್ಲ, ಅದೂ ಇಲ್ಲಿಂದಲೇ. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಆ ಭಾಷೆಗೆ ಹೊಳೆಯಂತೆ ಹರಿದವು. ಹಳೆ ಫ್ರೆಂಚಿನಲ್ಲಿ 'ಸೆಟ್ಟೆ' ಆಗಿದ್ದ ಈ ಪದವೂ ಇಂಗ್ಲಿಷಿಗೆ ಬಂದು ಬಾಲ ಕತ್ತರಿಸಿಕೊಂಡು ಸೆಟ್ ಆಯಿತು. ಅಲ್ಲಿ ಆಗಲೇ ಒಂದು ಸೆಟ್ ಇತ್ತು. ಉಚ್ಚಾರಣೆ ಒಂದೇ, ಕಾಗುಣಿತ ಒಂದೇ. ಜೋಡಿಸಿ ಕೂರಿಸಿದ ವಸ್ತುಗಳು ಗುಂಪಾಗಿಯೇ ಕಾಣುವುದರಿಂದ ಅರ್ಥಗಳೂ ಒಂದಕ್ಕೊಂದು ತಾಗಿ ಬಣ್ಣ ಹತ್ತಿಸಿಕೊಂಡವು.

ಇಸ್ಪೀಟು ಆಡುವವರಿಗೆ ಒಂದು ಮಾತು. ರಮ್ಮಿಯಲ್ಲಿ ಸೀಕ್ವೆನ್ಸ್ ಬೇಕು, ಸೆಟ್ ಬೇಕು. ಸೀಕ್ವೆನ್ಸ್ ಹುಟ್ಟಿದ್ದೂ ಹಿಂಬಾಲಿಸು ಎಂಬ ಅದೇ ಲ್ಯಾಟಿನ್ ಮೂಲದಿಂದ. ಅಂದರೆ ಕೈಯಲ್ಲಿ ಹಿಡಿದಿರೋದು ದಾಯಾದಿಗಳನ್ನು.

ಈಗ ತಿಂಡಿಗೆ ಬರೋಣ. ಸೆಟ್ ದೋಸೆಯ ಸೆಟ್ ಯಾವುದು? ಹಿಟ್ಟು ಹುದುಗು ಬಂದು ಸೆಟ್ ಆಗಬೇಕು, ಅದಕ್ಕೇ ಆ ಹೆಸರು ಅಂತ ನನ್ನ ಗೆಳೆಯನೊಬ್ಬ ಬಹಳ ದಿನ ವಾದಿಸುತ್ತಿದ್ದ. ಹಾಗಾದರೆ ಮಸಾಲೆ ದೋಸೆ ಹಿಟ್ಟು ಹುದುಗು ಬರಲ್ವಾ? ಇಲ್ಲಿ ಸೆಟ್ ಎಂದರೆ ಜೊತೆ. ತಟ್ಟೆಯಲ್ಲಿ ಒಂದರ ಮೇಲೊಂದು ಎರಡೋ ಮೂರೋ ಪುಟ್ಟ ದೋಸೆ. ಹಿಟ್ಟಿಗೆ ಅವಲಕ್ಕಿ ಬಿದ್ದಿರುತ್ತದೆ, ಹಾಗಾಗಿ ಹತ್ತಿಯ ಹಾಗೆ ಮೆತ್ತಗೆ. ಮೇಲೆ ತೂತು ತೂತು, ಸಾಗು ಬಿದ್ದ ಕೂಡಲೇ ಹೀರಿಕೊಳ್ಳುತ್ತದೆ. ಹಲ್ಲು ಕೂರದ ಅಪ್ಪನಿಗೆ ಇದಕ್ಕಿಂತ ಒಳ್ಳೆ ತಿಂಡಿ ಇಲ್ಲ. ಒಂದೊಂದಾಗಿ ಮಾರದೆ ಜೊತೆಯಾಗಿ ಮಾರುವುದರಿಂದ ಸೆಟ್. ಹೋಟೆಲಿನವರು ದೋಸೆ ಪದವನ್ನೂ ಉಳಿಸಿಕೊಂಡಿಲ್ಲ. ಅಡುಗೆಮನೆ ಕಿಂಡಿಗೆ ಕೂಗೋದು "ಎರಡು ಸೆಟ್, ಒಂದು ಖಾಲಿ" ಅಂತ ಮಾತ್ರ.

ಇದೇ ಮನೆತನಕ್ಕೆ ಸೇರಿದವು ಇನ್ನೂ ಬಹಳ ಇವೆ. ಜೆರಾಕ್ಸ್ ಅಂಗಡಿಯ "ಎರಡು ಸೆಟ್ ತೆಗೀರಿ". ಮದುವೆಗೆ ಕೊಡುವ ಡಿನ್ನರ್ ಸೆಟ್. ಸರ ಓಲೆ ಸೇರಿದ ನೆಕ್ಲೆಸ್ ಸೆಟ್. ಜಿಮ್ಮಿನ ಮೂರು ಸೆಟ್. ಹೊಸಕೋಟೆ, ಕೋಲಾರದ ಕಡೆ ರೈತರ ಪಂಪ್‌ಸೆಟ್ಟು, ಅಂದರೆ ಮೋಟರು ಪಂಪು ಎರಡೂ ಸೇರಿದ್ದು. ರೇಡಿಯೋ ಸೆಟ್, ಟಿವಿ ಸೆಟ್ ಕೂಡ ಹೀಗೇ, ಬಿಡಿ ಬಿಡಿ ಭಾಗಗಳನ್ನು ಸೇರಿಸಿದ ಯಂತ್ರ. ಆ ಟಿವಿ ಸೆಟ್ಟಿನ ತಲೆ ಮೇಲೆ ಇಡುವ ಡಬ್ಬ ಸೆಟ್ ಟಾಪ್ ಬಾಕ್ಸ್. ಈಗಿನ ಟಿವಿಗೆ ತಲೆಯೇ ಇಲ್ಲ, ಡಬ್ಬ ಕೆಳಗೆ ಬಂದು ಕೂತಿದೆ. ಹೆಸರು ಮಾತ್ರ ಇನ್ನೂ ಮೇಲೇ ಇದೆ.

ಗಣಿತದಲ್ಲೂ ಸೆಟ್ ಇದೆ. ಜರ್ಮನಿಯ ಗಣಿತಜ್ಞ ಗೆಯೋರ್ಗ್ ಕ್ಯಾಂಟರ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಸೆಟ್ ಥಿಯರಿಯ ಸೆಟ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಚೆನ್ನಾಗಿ ಗೊತ್ತು, 'ಗಣ' ಎಂಬ ಹೆಸರಿನಲ್ಲಿ. ಶೂನ್ಯ ಗಣ, ಉಪಗಣ ಅಂತೆಲ್ಲ ಬಾಯಿಪಾಠ ಮಾಡಿದ್ದೆವು. ಒಂದು ತಮಾಷೆ ನೋಡಿ. ಗಣಪತಿ ಎಂದರೆ ಗಣಗಳ ಒಡೆಯ. "ಗಣಪತಿ ಕೂರಿಸ್ತಿದೀವಿ" ಅನ್ನುವ ಚಂದಾ ಹುಡುಗರ ಬಾಯಲ್ಲಿ ಎರಡೂ ಸೆಟ್‌ಗಳು ನಮ್ಮದೇ ವೇಷದಲ್ಲಿ ಬಂದಿವೆ. 'ಗಣ' ನಾಮಪದದ ಸೆಟ್, 'ಕೂರಿಸು' ಕ್ರಿಯಾಪದದ ಸೆಟ್. ದಸರೆಯ ಗೊಂಬೆ ಮನೆಯಲ್ಲೂ ಹೀಗೇ. "ಈ ಸಲ ದಶಾವತಾರದ ಸೆಟ್ ಕೂರಿಸಿದ್ವಿ" ಅಂತಾರೆ ನಮ್ಮತ್ತೆ.

ಸಂಶಯ ಬಂದಾಗ ಒಂದು ಪರೀಕ್ಷೆ ಮಾಡಿ. ಸೆಟ್ ಇರುವ ಕಡೆ 'ಜೊತೆ' ಅಥವಾ 'ಗುಂಪು' ಹಾಕಿ ನೋಡಿ. ಒಪ್ಪದಿದ್ದರೆ 'ಕೂರಿಸು' ಹಾಕಿ. ಪರೀಕ್ಷಾ ಹಾಲಿನಲ್ಲಿ "ನಿಂದು ಎ ಸೆಟ್ಟಾ, ಬಿ ಸೆಟ್ಟಾ?" ಅಂದರೆ ಗುಂಪು. "ಪೇಪರ್ ಸೆಟ್ ಮಾಡಿದೋರು ಯಾರಪ್ಪ, ಸಾಯಿಸಿಬಿಟ್ರು" ಅಂದರೆ ಕೂರಿಸು. ಪ್ರಶ್ನೆಗಳನ್ನು ಒಂದೊಂದು ಜಾಗದಲ್ಲಿ ಕೂರಿಸಿದವರು. ಆದರೆ "ಅವಳು ಕೆ-ಸೆಟ್ ಪಾಸಾದಳು" ಅಂದರೆ ಎರಡೂ ಅಲ್ಲ. ಅದು ಉಪನ್ಯಾಸಕರಾಗಲು ಬರೆಯುವ ಪರೀಕ್ಷೆಯ ಹೆಸರಿನ ಮೊದಲಕ್ಷರಗಳು. ಇಂಥ ನಕಲಿಗಳೂ ಇರುತ್ತವೆ.

ಇನ್ನು ಸಿಮೆಂಟು. ನಮ್ಮ ಎದುರುಗಡೆ 30-40 ಸೈಟಿನಲ್ಲಿ ಮನೆ ಏಳುತ್ತಿದೆ. ಮೋಲ್ಡ್ ಹಾಕಿದ ದಿನ ಸಂಜೆ ಓನರ್ ಮೇಲೆ ಹತ್ತಿ ನೋಡಲು ಹೊರಟರು. ಮೇಸ್ತ್ರಿ ಕೆಳಗಿನಿಂದಲೇ ಕೂಗಿದರು: "ಸಾರ್, ಕಾಲಿಡಬೇಡಿ, ಇನ್ನೂ ಸೆಟ್ ಆಗಿಲ್ಲ!" ಇಲ್ಲಿ ಸೆಟ್ ಎಂದರೆ ಗಟ್ಟಿಯಾಗು. ಕೂರಿಸು ಹೋಗಿ ಗಟ್ಟಿ ಹೇಗೆ ಬಂತು? ಯೋಚಿಸಿದರೆ ಸುಲಭ. ಹರಿದಾಡುತ್ತಿದ್ದದ್ದು ಒಂದು ಕಡೆ ಕೂತು ಇನ್ನು ಕದಲಲಾರೆ ಅಂದಾಗ ಅದು ಗಟ್ಟಿಯಾದ ಹಾಗೆ. ಕಟ್ಟಡದವರಿಗೆ ಸೆಟ್ ಆಗೋದು ಬೇರೆ, ಬಲ ಬರೋದು ಬೇರೆ. ನೀರು ಬಿದ್ದ ಸಾಮಾನ್ಯ ಸಿಮೆಂಟು ಅರ್ಧ ಗಂಟೆಯ ಒಳಗೆ ಬಿಗಿಯಬಾರದು, 10 ಗಂಟೆ ಮೀರಿ ಮೆತ್ತಗೂ ಉಳಿಯಬಾರದು. ನಮ್ಮ ದೇಶದ ಮಾನದಂಡದಲ್ಲಿ ಹೀಗೇ ಇದೆ. ಕಲಸಿ, ಸುರಿದು, ಮಟ್ಟ ಮಾಡಲು ಸಮಯ ಸಿಗಲಿ ಅಂತ ಕಾರ್ಖಾನೆಯಲ್ಲೇ ಸಿಮೆಂಟಿಗೆ ಜಿಪ್ಸಮ್ ಸೇರಿಸಿರುತ್ತಾರೆ. ಅದು ಇಲ್ಲದಿದ್ದರೆ ಬಾಂಡ್ಲಿಯಲ್ಲೇ ಕಲ್ಲಾಗುತ್ತಿತ್ತು. ಬಲ ಬರೋದು ಆಮೇಲೆ, ದಿನಗಟ್ಟಲೆ ನೀರು ಹೊಡೆದ ಮೇಲೆ. ಅದಕ್ಕೇ ಕಾಂಕ್ರೀಟಿನ ಬಲವನ್ನು 28ನೇ ದಿನಕ್ಕೆ ಅಳೆಯುವುದು.

ಮೊಸರಿಗೂ ಇಂಗ್ಲಿಷಿನಲ್ಲಿ ಸೆಟ್ ಎಂದೇ ಹೇಳುತ್ತಾರೆ. ನಮಗೆ ಅದರ ಹಂಗಿಲ್ಲ, ಹೆಪ್ಪು ಹಾಕುತ್ತೇವೆ. ಅಂದಹಾಗೆ ಕನ್ನಡದಲ್ಲಿ 'ಸೆಟೆ' ಅನ್ನೋ ಪದ ಮೊದಲಿಂದಲೂ ಇದೆ. ಬಿಗಿಯಾಗು, ಬಿರುಸಾಗು ಎಂದು ಅರ್ಥ. ಕೈ ಸೆಟೆದುಕೊಂಡಿತು ಅಂತೀವಲ್ಲ, ಅದು. ಸಿಮೆಂಟ್ ಸೆಟ್ ಆಯಿತು, ಸೆಟೆದುಕೊಂಡಿತು. ಎರಡೂ ಅಕ್ಕ ತಂಗಿಯರ ಹಾಗೆ ಕಾಣುತ್ತವೆ, ಆದರೆ ಸಂಬಂಧ ಇಲ್ಲ. ಒಂದು ದ್ರಾವಿಡ, ಒಂದು ಜರ್ಮ್ಯಾನಿಕ್. ಇಂಥ ಆಕಸ್ಮಿಕ ಹೋಲಿಕೆ ಹಿಡಿದುಕೊಂಡು ಇಂಗ್ಲಿಷ್ ಕನ್ನಡದಿಂದಲೇ ಹುಟ್ಟಿತು ಅಂತ ಫಾರ್ವರ್ಡ್ ಮಾಡುವವರಿದ್ದಾರೆ. ಸುಮ್ನೆ ಹೇಳಿದೆ.

ಇಂಗ್ಲಿಷಿನವರ ಸೂರ್ಯನೂ ಸೆಟ್ ಆಗುತ್ತಾನೆ. ಅವನು ದಿನದ ಕೊನೆಗೆ ಹೋಗಿ ಕೂತುಬಿಡುತ್ತಾನೆ, ನಮ್ಮವನು ಮುಳುಗುತ್ತಾನೆ.

ನಿಜವಾಗಿ ಕಾಲು ಜಾರುವುದು ಸೆಟ್ ಪಕ್ಕಕ್ಕೆ ಒಂದು ಪುಟ್ಟ ಪದ ಸೇರಿದಾಗ. ಸೆಟ್ ಅಪ್, ಸೆಟ್ ಆಫ್, ಸೆಟ್ ಔಟ್, ಸೆಟ್ ಇನ್, ಸೆಟ್ ಅಸೈಡ್, ಸೆಟ್ ಬ್ಯಾಕ್. ಇಲ್ಲಿ ಕೂರಿಸು ಅನ್ನೋ ಸುಳಿವು ಅರ್ಧ ದಾರಿಗೆ ಮಾತ್ರ ಬರುತ್ತದೆ. ಮಾನ್ಸೂನ್ ಸೆಟ್ ಇನ್ ಆಯಿತು ಅಂದರೆ ಕನ್ನಡದಲ್ಲಿ ಮಳೆ ಹಿಡಿಯಿತು. ಬಂದು ಬೇರೂರಿತು, ಇನ್ನು ಸದ್ಯಕ್ಕೆ ಹೋಗಲ್ಲ ಅನ್ನೋ ಭಾವ ಎರಡರಲ್ಲೂ ಇದೆ. ಸೆಟ್‌ಬ್ಯಾಕ್ ಅನ್ನೋದನ್ನು ಪೇಪರಿನವರು ಹಿನ್ನಡೆ ಎಂದು ಬರೆಯುತ್ತಾರೆ. ಮನೆ ಕಟ್ಟುವವರ ಬಾಯಲ್ಲಿ ಅದೇ ಪದಕ್ಕೆ ಬೇರೆ ಅರ್ಥ: ಸೈಟಿನ ಅಂಚಿನಿಂದ ಗೋಡೆಯನ್ನು ಹಿಂದಕ್ಕೆ ಕೂರಿಸಿ ಬಿಡಬೇಕಾದ ಖಾಲಿ ಜಾಗ. ಗಾಳಿ ಬೆಳಕಿಗೆ, ಬೆಂಕಿ ಬಿದ್ದರೆ ಓಡಾಡಲು ಅಂತ ನಿಯಮದಲ್ಲಿ ಇರುವುದು. ನಮ್ಮ ಬೀದಿಯಲ್ಲಿ ಕಿಟಕಿಯಿಂದ ಕಿಟಕಿಗೆ ಸಾರಿನ ಬಟ್ಟಲು ಕೊಡಬಹುದು. ಇಷ್ಟರಿಂದ ಸೆಟ್‌ಬ್ಯಾಕ್ ಎಷ್ಟು ಬಿಟ್ಟಿದ್ದಾರೆ ಅನ್ನೋದನ್ನು ನೀವೇ ಊಹಿಸಿಕೊಳ್ಳಿ.

ಸೆಟ್ ಅಸೈಡ್ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಎಡವಟ್ಟಾಯಿತು. ದೊಡ್ಡಪ್ಪನ ಜಮೀನಿನ ಕೇಸು. ಕೆಳಗಿನ ಕೋರ್ಟಿನ ತೀರ್ಪು ಅವರ ವಿರುದ್ಧ ಬಂದಿತ್ತು. ಮೇಲ್ಮನವಿ ಹಾಕಿದ್ದರು. ವಕೀಲರು ಫೋನ್ ಮಾಡಿ "ಹಳೇ ಆರ್ಡರ್ ಸೆಟ್ ಅಸೈಡ್ ಆಯ್ತು" ಅಂತ ಹೇಳಿ ಇಟ್ಟರು. ದೊಡ್ಡಪ್ಪ ಪದಕ್ಕೆ ಪದ ಅರ್ಥ ಮಾಡಿದರು: ಪಕ್ಕಕ್ಕೆ ಇಟ್ಟಿದ್ದಾರೆ, ಅಂದರೆ ಆಮೇಲೆ ಮತ್ತೆ ಎತ್ತಿಕೊಳ್ಳುತ್ತಾರೆ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೋರ್ಟಿನ ಭಾಷೆಯಲ್ಲಿ ಸೆಟ್ ಅಸೈಡ್ ಅಂದರೆ ರದ್ದು, ಆ ತೀರ್ಪು ಇನ್ನು ಇಲ್ಲ. ಅದೇ ಪದ ದುಡ್ಡಿನ ಜೊತೆ ಬಂದರೆ ಎತ್ತಿಟ್ಟ ಹಣ, ಭದ್ರವಾಗಿ ಇರುವ ಹಣ. ಒಂದು ಕಡೆ ಇಲ್ಲವಾಗಿಸುವುದು, ಇನ್ನೊಂದು ಕಡೆ ಉಳಿಸುವುದು. ದೊಡ್ಡಪ್ಪನ ತಪ್ಪು ಅನ್ನಲಾರೆ.

ಇಲ್ಲಿವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಇಂಗ್ಲಿಷಿನವರ ಆಸ್ತಿ. ಕನ್ನಡದವರು ಸ್ವಂತವಾಗಿ ಮಾಡಿಕೊಂಡಿದ್ದು ಎರಡು. ಮೊದಲನೆಯದು ಸೆಟ್ಟೇರು. ಸಿನಿಮಾ ಸೆಟ್ ಎಂದರೆ ಚಿತ್ರೀಕರಣಕ್ಕೆ ಕೂರಿಸಿದ ಮನೆ, ಬೀದಿ, ಅರಮನೆ. ಕಂಠೀರವ ಸ್ಟುಡಿಯೋದಂಥ ಕಡೆ 'ಸೆಟ್ ಹಾಕುತ್ತಾರೆ'. ಚಿತ್ರ ಶುರುವಾದರೆ ಪತ್ರಿಕೆಯಲ್ಲಿ 'ಹೊಸ ಚಿತ್ರ ಸೆಟ್ಟೇರಿತು' ಎಂದು ಬರುತ್ತದೆ. ಹಳ್ಳಿಯಲ್ಲಿ, ಬಯಲಿನಲ್ಲಿ ಶೂಟಿಂಗ್ ಆಗಿದ್ದರೂ ಸೆಟ್ಟೇರಿತು. ಏರಲು ಅಲ್ಲಿ ಮೆಟ್ಟಿಲೇ ಇಲ್ಲ. ಆದರೆ ಹಸೆಮಣೆ ಏರು, ಗದ್ದುಗೆ ಏರು, ರಂಗವೇರು ಅಂತ ನಮ್ಮಲ್ಲಿ ಅಚ್ಚು ಮೊದಲೇ ಸಿದ್ಧ ಇತ್ತು. ಶುಭ ಕೆಲಸ ಶುರುವಾದರೆ ಏನನ್ನಾದರೂ ಏರಲೇಬೇಕು. ಆ ಅಚ್ಚಿಗೆ ಇಂಗ್ಲಿಷ್ ಪದ ಹುಯ್ದು ತೆಗೆದದ್ದು ಸೆಟ್ಟೇರು. ಇಂಗ್ಲಿಷಿಗೆ ಇದನ್ನು ಅನುವಾದ ಮಾಡಿ ನೋಡಿ, ಆಗಲ್ಲ. ಕನ್ನಡ ಪತ್ರಿಕೋದ್ಯಮ ಕೊಟ್ಟ ಒಳ್ಳೆಯ ಪದಗಳಲ್ಲಿ ಇದೂ ಒಂದು ಅಂತ ನನ್ನ ಅಭಿಪ್ರಾಯ.

ಎರಡನೆಯದು 'ಸೆಟ್ ಆಗು'. ಬೆಂಗಳೂರಿನಲ್ಲಿ ಅರ್ಧ ದಿನ ಕಿವಿ ತೆರೆದಿಟ್ಟರೆ ಸಾಕು. ಮೆಟ್ರೋದಲ್ಲಿ ಒಬ್ಬ ಹುಡುಗ: "ಆ ಟೀಮ್ ನಂಗೆ ಸೆಟ್ ಆಗಲ್ಲ ಗುರು." ಮನೆ ಬದಲಿಸಿದವರು: "ಇಲ್ಲಿ ನೀರು ಮಕ್ಕಳಿಗೆ ಸೆಟ್ ಆಗಿಲ್ಲ." ಅತ್ತೆ ಸೊಸೆ ಬಗ್ಗೆ: "ಇಬ್ಬರಿಗೂ ಸೆಟ್ ಆಗಲ್ಲ." ಕಾಲೇಜಿನಲ್ಲಿ: "ಇಬ್ಬರಿಗೂ ಸೆಟ್ ಆಗಿದೆ ಕಣೋ", ಅಂದರೆ ಪ್ರೀತಿ. ಆಟೋದವರು ಮೀಟರ್ ಬಿಟ್ಟು ಒಂದು ರೇಟಿಗೆ ಒಪ್ಪಿದರೆ ಅದೂ ಸೆಟ್ಟೇ. ಇಂಗ್ಲಿಷಿನ ಸೆಟ್‌ಗೆ ಒಗ್ಗು, ಹೊಂದು, ಕೂಡಿಬರು ಅನ್ನೋ ಈ ಅರ್ಥ ಇಲ್ಲ. ಅಲ್ಲಿ ಬಟ್ಟೆ ಒಪ್ಪಿದರೆ ಸೂಟ್ ಆಗುತ್ತದೆ, ಸೆಟ್ ಆಗುವುದಿಲ್ಲ.

ಇದು ಹೇಗೆ ಆಯಿತು ಅನ್ನೋದರ ಸುಳಿವು ವ್ಯಾಕರಣದಲ್ಲಿದೆ. ಕನ್ನಡ ಇಂಗ್ಲಿಷಿನ ಕ್ರಿಯಾಪದವನ್ನು ನೇರವಾಗಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ನಮ್ಮವರೊಬ್ಬರು ಇರಬೇಕು: ಆಗು, ಮಾಡು, ಹಾಕು, ಏರು. ಇಂಗ್ಲಿಷಿನಲ್ಲಿ ಸೆಟ್ ಒಂದೇ ಎರಡೂ ಕೆಲಸ ಮಾಡುತ್ತದೆ, ಸಾಲದ್ದಕ್ಕೆ ಭೂತಕಾಲದಲ್ಲೂ ಅದೇ ರೂಪ. ನಾವು ಸೆಟ್ ಆಗು, ಸೆಟ್ ಮಾಡು, ಸೆಟ್ ಮಾಡಿಸು ಅಂತ ಮೂರು ಮಾಡಿ ಯಾರು ಮಾಡಿದರು, ತಾನಾಗೇ ಆಯಿತಾ ಅನ್ನೋದನ್ನು ಬಿಡಿಸಿಟ್ಟೆವು. ಜೊತೆಗೆ 'ನನಗೆ' ಎಂದು ಹಚ್ಚಿದೆವು. ನನಗೆ ಒಗ್ಗಲ್ಲ, ನನಗೆ ಹಿಡಿಸಲ್ಲ, ನನಗೆ ಸೆಟ್ ಆಗಲ್ಲ. ಸಾಲಿನಲ್ಲಿ ಹೊಸಬ ಬಂದು ಕೂತ, ಹಳಬರ ಅರ್ಥವನ್ನೇ ಹೊದ್ದುಕೊಂಡ. ಬೇಸರ ಒಂದೇ. 'ಒಗ್ಗು' ಅನ್ನೋ ಚಂದದ ಪದ ಈ ಊರಿನಲ್ಲಿ ಕೇಳಿಸುವುದು ಕಡಿಮೆಯಾಗಿದೆ. ನಮ್ಮಜ್ಜಿ ಊರಿನಿಂದ ಬಂದಾಗ "ಈ ನೀರು ಒಗ್ಗಲ್ಲಪ್ಪ ನಂಗೆ" ಅನ್ನುತ್ತಿದ್ದರು. ಅದೇ ಮಾತನ್ನು ಈಗ ನನ್ನ ಮಗಳು ಸೆಟ್ ಹಾಕಿ ಹೇಳುತ್ತಾಳೆ.

ಅಪಾಯ ಇರುವುದು ವಾಪಸ್ ದಾರಿಯಲ್ಲಿ. ನಮ್ಮ ಸೆಟ್ ಇಂಗ್ಲಿಷಿನಂತೆ ಕಾಣುವುದರಿಂದ ಇಂಗ್ಲಿಷ್ ಬರೆಯುವಾಗ ಸದ್ದಿಲ್ಲದೆ ನುಸುಳುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮೇಲ್ ಬರೆದಿದ್ದೆ: ಹತ್ತೂವರೆ ಮೀಟಿಂಗ್ ಟೈಮಿಂಗ್ ನನಗೆ 'ಸೆಟ್ ಆಗ್ತಿಲ್ಲ', ಹನ್ನೊಂದಕ್ಕೆ ಇಡಬಹುದಾ ಅಂತ. ಅದನ್ನೇ ಪದಕ್ಕೆ ಪದ ಇಂಗ್ಲಿಷ್ ಮಾಡಿದ್ದೆ. ಕಳಿಸಿದ ಮೇಲೆ ಮತ್ತೆ ಓದಿ ಕಿವಿ ಕೆಂಪಾಯಿತು. ಸೆಟ್ ತೆಗೆದು ಸೂಟ್ ಹಾಕಿ, ಕ್ಷಮಿಸಿ ಅಂತ ಸೇರಿಸಿ, ಇನ್ನೊಂದು ಮೇಲ್ ಬರೆಯಲು ಕೂತೆ. ಅಷ್ಟರಲ್ಲಿ ಮೀಟಿಂಗ್ ಕರೆದಿದ್ದ ಮಲಯಾಳಿ ಸಹೋದ್ಯೋಗಿಯ ಉತ್ತರ ಬಂತು. ಒಂದೇ ಪದ ಇತ್ತು.

"ಸೆಟ್."